ಗಟಾರಕ್ಕೆ ಇಳಿಯುವವನ ಹೆಸರು

ಮುಂಬಯಿ ಕಾಂದಿವಲಿಯ ನಮ್ಮ ಚಾಳಿನಲ್ಲಿ ಗಟಾರ ತುಂಬುವುದು ಹೊಸದಲ್ಲ. ತುಂಬಿದಾಗ ಕಂತ್ರಾಟುದಾರನಿಗೆ ಫೋನು ಹೋಗುತ್ತದೆ, ಯಾರೋ ಒಬ್ಬ ಬಂದು ಇಳಿಯುತ್ತಾನೆ. ನಾವು ಮೂಗು ಮುಚ್ಚಿಕೊಂಡು ಬಾಗಿಲು ಹಾಕಿಕೊಳ್ಳುತ್ತೇವೆ.

ಚಾಳಿನ ಮಹಿಳಾ ಸಂಘದಲ್ಲಿ ಹೊಲಿಗೆ ಕೆಲಸದ ಕೌಸರ ಪ್ರತಿ ಭಾನುವಾರ ತಾನು ಬರೆದ ಕವಿತೆ ಓದುತ್ತಾಳೆ. ನೆರೆಮನೆಯ ಇಂದ್ರಾಬಾಯಿಗೆ ಅದು ಸೇರುತ್ತಿರಲಿಲ್ಲ.

“ಕವಿತಾ ಕೇಳಿದ್ರ ನಳದಾಗ ನೀರು ಬರತೈತೇನು, ಕೌಸರ?”

“ನೀರು ಬರೂದಿಲ್ಲಕ್ಕಾ. ಖರೆ, ಮಂದಿ ಕಣ್ಣಿಗೆ ಕಾಣಾಕ ಹತ್ತತಾರ.”

ಆ ಭಾನುವಾರ ಅವಳು ಓದಿದ್ದು ಇಷ್ಟೇ:

ಗಟಾರದಾಗ ಇಳಿದಾಂವನ ಹೆಸರು ನಾವ್ಯಾರೂ ಕೇಳಲಿಲ್ಲ,
ಅಂವಾ ಮನಿಗೆ ಬರೂತನಕ ಅವನ ಮಗಳು ಉಣ್ಣಲಿಲ್ಲ.

ಇಂದ್ರಾಬಾಯಿ ಬೇಗನೆ ಎದ್ದು ಹೋದಳು.

ಗುರುವಾರ ಗಟಾರ ಮತ್ತೆ ಉಕ್ಕಿತು. ಅದೇ ಸಂಜೆ ಇಂದ್ರಾಬಾಯಿಯ ಮಗಳು ಅನುರಾಧಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಇಂದ್ರಾಬಾಯಿಯ ಗಂಡ ಚಂದ್ರಾಮ ಫೋನು ಮಾಡಿ ಆಳನ್ನು ಕರೆಸಿದ. ಬಂದವನ ಕೈಯಲ್ಲಿ ಹಗ್ಗ, ಬಕೆಟ್ಟು. ಮುಖಕ್ಕೆ ಒಂದು ಬಟ್ಟೆಯೂ ಇಲ್ಲ. ಮುಚ್ಚಳ ಸರಿಸಿ ಕಾಲು ಇಳಿಬಿಟ್ಟ.

“ತಡೀರಿ,” ಅಂದಳು ಇಂದ್ರಾಬಾಯಿ. “ನಿಮ್ಮ ಹೆಸರೇನು?”

ಅವನು ಅಚ್ಚರಿಯಿಂದ ತಲೆ ಎತ್ತಿದ. “ಸುಭಾಷ ರೀ.”

“ಮಕ್ಕಳು?”

“ಇಬ್ಬರು ಅದಾರ್ರಿ.”

“ಮ್ಯಾಲ ಬರ್ರಿ. ಇಳೀಬ್ಯಾಡ್ರಿ.”

ಚಂದ್ರಾಮ ಸಿಡುಕಿದ. “ಬೀಗರು ಬರೂ ಹೊತ್ತಾತು. ಈ ನಾತದಾಗ ಕೂಡ್ರಸೂದೇನು ಅವರನ್ನ?”

“ಕುಂದ್ರಲಿ. ಒಳಗಿನ ಗ್ಯಾಸಿಗೆ ಈ ಮನಷಾ ಸತ್ರ, ಯಾವ ಮಾರಿ ಇಟ್ಕೊಂಡು ಮದಿವಿ ಮಾಡೂದು?”

ಚಂದ್ರಾಮ ಕೈ ಕೊಟ್ಟು ಸುಭಾಷನನ್ನು ಮೇಲೆಳೆದ. ಗದ್ದಲ ಕೇಳಿ ಹೊರಬಂದ ಕೌಸರ ಪಾಲಿಕೆಯ ವಾರ್ಡ್ ಆಫೀಸಿಗೆ ಫೋನು ಹಚ್ಚಿ, ಮನುಷ್ಯ ಬೇಡ, ಯಂತ್ರದ ಗಾಡಿಯೇ ಬೇಕು ಎಂದು ಪಟ್ಟು ಹಿಡಿದಳು.

ಸಂಜೆ ಗಂಡಿನವರು ಕೊಳಚೆ ನೀರಲ್ಲಿ ಇಟ್ಟಿಗೆಯ ಮೇಲೆ ಕಾಲಿಟ್ಟು ಬಂದರು. ಇಂದ್ರಾಬಾಯಿ ನಡೆದದ್ದನ್ನು ಮುಚ್ಚಿಡದೆ ಹೇಳಿದಳು. ಹುಡುಗನ ತಾಯಿ ಚಹಾದ ಕಪ್ಪು ಕೆಳಗಿಟ್ಟು, “ಚಲೋ ಮಾಡೀರಿ. ನಮ್ಮ ಬಿಲ್ಡಿಂಗಿನಾಗೂ ಹಿಂಗ ಇಳಸ್ತಾರ್ರಿ. ಅವರ ಹೆಸರು ನಾ ಕೇಳೇ ಇರಲಿಲ್ಲ,” ಎಂದಳು.

ಗಾಡಿ ಬಂದದ್ದು ಮರುದಿನ. ಪೈಪು ಎಲ್ಲಿ ಬಿಡಬೇಕೆಂದು ಸುಭಾಷ ಮೇಲೆ ನಿಂತೇ ತೋರಿಸಿದ. ಮುಂದಿನ ಭಾನುವಾರ ಚಂದ್ರಾಮನೂ ಸಂಘಕ್ಕೆ ಬಂದು ಚಾಪೆಯ ಅಂಚಿನಲ್ಲಿ ಕೂತ. “ಒಂದು ಓದವಾ ಕೌಸರ, ನಾನೂ ಕೇಳತೀನಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯ ಗಟಾರ ತುಂಬಿದರೆ ಮನುಷ್ಯನನ್ನು ಇಳಿಸಬೇಡಿ. ರಕ್ಷಣೆಯಿಲ್ಲದೆ ಇಳಿಸುವುದು ಅಪರಾಧ. ವಾರ್ಡ್ ಆಫೀಸಿಗೆ ಫೋನು ಮಾಡಿ, ಯಂತ್ರ ತರಿಸಿ. ನಿಮ್ಮ ಸಂಘದಲ್ಲೂ ವಾರಕ್ಕೊಂದು ಕವಿತೆ ಓದಿ. ಅದು ಯಾರ ಕಷ್ಟ ಹೇಳುತ್ತದೋ ಅಂಥವರು ನಿಮ್ಮ ಓಣಿಯಲ್ಲೇ ಇರುತ್ತಾರೆ. ಎದ್ದು ಹೋಗಿ ಮಾತಾಡಿಸಿ.