ಮರದ ಮೇಲಿನ ಸಿಪ್ಪೆ

ಮೂಡುಬಿದಿರೆಯ ಮುಂಡಪ್ಪ ಆಚಾರಿಗೆ ಮೂವತ್ತು ವರ್ಷಗಳ ಕೆಲಸದಲ್ಲಿ ಅರ್ಥವಾಗದ ಮರದ ಸಾಮಾನು ಎಂಬುದಿರಲಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಬಂಟ್ವಾಳ ಪೇಟೆಯ ಯಾಕೂಬ್ ಲಾರಿಯಲ್ಲಿ ಅವನಿಗೂ ಅರ್ಥವಾಗದಂಥದೊಂದನ್ನು ತಂದಿಳಿಸಿದ. ಹಳೇ ಸಾಮಾನುಗಳನ್ನು ಕೊಂಡು ಮಾರುವುದು ಅವನ ವ್ಯಾಪಾರ.

“ಫ್ರೆಂಚರಿದ್ದ ಊರು ಮಾಹೆಯ ಪರಂಗಿಯವರ ಮನೆಯದ್ದು ಆಚಾರ್ರೇ. ಫ್ರಾನ್ಸಿನಲ್ಲಿ ಮಾಡಿದ್ದಂತೆ, ಇನ್ನೂರು ವರ್ಷ ಆಗಿರಬಹುದು. ನಡುವಿನ ಡ್ರಾಯರ್ ಸಿಕ್ಕಿಹಾಕಿಕೊಂಡಿದೆ. ಸರಿ ಮಾಡಿದ್ರೆ ಮಂಗಳೂರಿನ ಡಾಕ್ಟರೊಬ್ಬರು ಕೊಂಡುಹೋಗ್ತಾರೆ.”

ಅದು ಸೊಂಟದೆತ್ತರದ, ಮೂರು ಡ್ರಾಯರುಗಳ ಪೆಟ್ಟಿಗೆ. ಮೇಲೆ ಬೂದುಬಣ್ಣದ ಅಮೃತಶಿಲೆಯ ಹಲಗೆ. ಸಿಂಹದ ಮುಖ, ಬಳ್ಳಿ ಕೆತ್ತನೆ ಯಾವುದೂ ಇಲ್ಲ. ಎಲ್ಲ ಗೆರೆಗಳೂ ನೆಟ್ಟಗೆ. ಕೆಳಗೆ ಸಪೂರವಾಗುತ್ತ ಹೋಗುವ ಕಾಲುಗಳಿಗೆ ಉದ್ದುದ್ದ ಗೀರು ಹೊಡೆದಿದ್ದರು. ಮುಂಭಾಗದಲ್ಲಿ ಒಂದು ಹೂಬುಟ್ಟಿಯ ಚಿತ್ರ. ಬಣ್ಣ ಬಳಿದದ್ದೋ ಎಂದು ಮುಂಡಪ್ಪ ಬೆರಳು ಒದ್ದೆ ಮಾಡಿ ಉಜ್ಜಿದ. ಬಣ್ಣವಲ್ಲ, ಒಂದೊಂದು ಎಸಳೂ ಬೇರೆ ಬೇರೆ ಮರ. ನಡುವೆ ಉಗುರು ತೂರಲೂ ಸಂದಿಲ್ಲ.

ಮಧ್ಯಾಹ್ನದವರೆಗೂ ಸುತ್ತು ಹೊಡೆದು ನೋಡಿದ. ಆಮೇಲೆ ಉಬ್ಬಿದ ಡ್ರಾಯರನ್ನು ಉಪಾಯದಿಂದ ಎಳೆದು ತೆಗೆದು, ಅಂಚಿಗೆ ಕೀಸುಳಿ ಹಾಕಿದ. ಕೀಸುಳಿ ಜಾರಿ ಮುಂಭಾಗವನ್ನು ಸವರಿತು. ಕಾಗದದಂಥ ಕೆಂಪು ಸುರುಳಿಯೊಂದು ಎದ್ದು ಬಂತು. ಚಿತ್ರದ ಒಂದು ಎಲೆ ಹೋಗಿತ್ತು. ಅದರಡಿ ಬಿಳಿಚಿಕೊಂಡ ಬೇರೆಯದೇ ಮರ!

ಮುಂಡಪ್ಪ ಕೀಸುಳಿ ಕೆಳಗಿಟ್ಟ. ಇಡೀ ಚಿತ್ರ ಮೇಲೆ ಅಂಟಿಸಿದ ಬರೀ ಸಿಪ್ಪೆ!

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂಟ್ವಾಳಕ್ಕೆ ಹೋಗಿ ಆದದ್ದನ್ನೆಲ್ಲ ಹೇಳಿದ.

“ನನ್ನ ಹೊಟ್ಟೆಗೇ ಹೊಡೆದ್ರಲ್ಲ ಮಾರಾಯ್ರೇ!” ಯಾಕೂಬ್ ತಲೆಗೆ ಕೈಹಚ್ಚಿ ಕುಳಿತ. “ಈಗೇನು ಮಾಡುವ?”

“ಹದಿನೈದು ದಿನ ಕೊಡಿ ಸಾಹೇಬ್ರೇ. ಇದನ್ನು ಮಾಡಿದವನು ಹೇಗೆ ಮಾಡಿದ್ದು ಅಂತ ಮೊದಲು ನನಗೆ ಗೊತ್ತಾಗ್ಬೇಕು.”

ಮನೆಗೆ ಬಂದವನೇ, ಮೂಲೆಯಲ್ಲಿ ಮೊದಲೇ ಎದ್ದಿದ್ದ ಒಂದು ಸಿಪ್ಪೆಯ ತುದಿಯನ್ನು ಮೆಲ್ಲನೆ ಎತ್ತಿ ನೋಡಿದ. ಅದರ ಬೆನ್ನಿಗೆ ಸಣ್ಣ ಸಣ್ಣ ಗೀರುಗಳಿದ್ದವು, ಗರಗಸದ ಹಲ್ಲಿನವು. ಹಾಗಾದರೆ ಕೈಯಲ್ಲೇ ಕೊಯ್ದದ್ದು! ಬೀಟಿ ಮರದ ತುಂಡೊಂದನ್ನು ಹಿಡಿದು ತಾನೂ ಕೊಯ್ಯತೊಡಗಿದ. ಆರು ಸಿಪ್ಪೆ ಮುರಿದವು. ಏಳನೆಯದು ಇಡಿಯಾಗಿ ಬಂತು. ಆದರೆ ಅಂಟು ಹಿಡಿಯುವ ಮೊದಲೇ ಅದು ಹಪ್ಪಳದಂತೆ ಸುರುಟಿಕೊಂಡಿತು.

ಅವನ ಹೆಂಡತಿ ನೀಲಾವತಿ ನೋಡುತ್ತ ನಿಂತಿದ್ದಳು. “ಸೀರೆಯ ಸುಕ್ಕು ಬಿಡಿಸುವ ಹಾಗೆ ಬಿಡಿಸಿ ನೋಡಿ” ಎಂದು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ ತಂದಳು. ಸಿಪ್ಪೆಯಿಂದ ಕತ್ತರಿಸಿದ ಎಲೆಗೆ ಅಂಟು ಹಚ್ಚಿ ಅದರ ಜಾಗದಲ್ಲಿಟ್ಟು, ಒದ್ದೆ ಬಟ್ಟೆಯ ಮೇಲಿಂದ ಹದವಾಗಿ ಒತ್ತಿದಾಗ ಅದು ಚಪ್ಪಟೆಯಾಗಿ ಕೂತಿತು. ಒಣಗುವ ತನಕ ಅದರ ಮೇಲೆ ರುಬ್ಬುವ ಗುಂಡುಕಲ್ಲು ಹೇರಿದರು.

ಡ್ರಾಯರನ್ನು ಮರಳಿ ಕೂರಿಸುವಾಗ ಮುಂಡಪ್ಪ ಖಾಲಿ ಗೂಡಿನೊಳಗೆ ಟಾರ್ಚು ಬಿಟ್ಟ. ಹಿಂಬದಿಯ ಪಟ್ಟಿಯಲ್ಲಿ ಯಾರೋ ತಪ್ಪು ಜಾಗದಲ್ಲಿ ಕೊರೆದ ಒಂದು ತೂತಿತ್ತು. ಅದನ್ನು ಬೇರೆ ಮರದ ಬಿರಡೆಯಿಂದ ಮುಚ್ಚಿ, ನುಣ್ಣಗೆ ಮಾಡಿ, ಪಕ್ಕದಲ್ಲೇ ಸರಿಯಾದ ತೂತು ಕೊರೆದಿದ್ದರು.

“ಇಲ್ಲಿ ಬಾ, ನೋಡು! ಈ ಪುಣ್ಯಾತ್ಮನಿಗೂ ಅಳತೆ ತಪ್ಪಿದೆ!” ಮುಂಡಪ್ಪ ನೀಲಾವತಿಯನ್ನು ಕರೆದು ದೊಡ್ಡಕ್ಕೆ ನಕ್ಕ. ವಾರದಿಂದ ಎದೆಯಲ್ಲಿ ಕೂತಿದ್ದ ಭಾರ ಇಳಿದಂತಾಯಿತು.

ಡಾಕ್ಟರು ಬಂದ ದಿನ ಯಾಕೂಬ್ ಕಣ್ಣಲ್ಲೇ ಸುಮ್ಮನಿರಲು ಹೇಳಿದ. ಆದರೂ ಮುಂಡಪ್ಪ ಉಳಿದವುಗಳಿಗಿಂತ ತುಸು ಕಪ್ಪಗಿದ್ದ ಎಲೆಯನ್ನು ತೋರಿಸಿದ. “ಇದು ನನ್ನದು. ಕೀಸುಳಿ ಜಾರಿ ಹೋದದ್ದು.”

ಡಾಕ್ಟರು ಬಗ್ಗಿ ನೋಡಿದರು, ಬೆರಳಾಡಿಸಿದರು. “ನೀವು ಹೇಳದಿದ್ರೆ ಇದು ಆ ಕಾಲದ್ದೇ ಅಂದ್ಕೊಳ್ತಿದ್ದೆ. ಹೇಗೆ ಕೂರಿಸಿದ್ರಿ?”

ಮುಂಡಪ್ಪ ಇಸ್ತ್ರಿ ಪೆಟ್ಟಿಗೆಯಿಂದ ಶುರುಮಾಡಿದ. ಲಾರಿಯವನು ಎರಡು ಸಲ ಹಾರ್ನ್ ಹೊಡೆದರೂ ಮಾತು ಮುಗಿಯಲಿಲ್ಲ. ಕೊನೆಗೆ ಯಾಕೂಬನೇ ಇಬ್ಬರನ್ನೂ ಎಬ್ಬಿಸಬೇಕಾಯಿತು.

ಪೆಟ್ಟಿಗೆ ಹೋದ ಮೇಲೆ ಮುಂಡಪ್ಪ ಹಲಸಿನ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಸಿಪ್ಪೆ ಕೂರಿಸಲೆಂದು ಸೀಸದಕಡ್ಡಿಯಿಂದ ಕೇಪಳದ ಹೂಗೊಂಚಲು ಬರೆಯತೊಡಗಿದ.