ಬೆನ್ನ ಹಿಂದೆ ನಿಂತವಳು

"ಕಣ್ಣು ಯಾವ ಬಣ್ಣ ಇತ್ತು ಅಜ್ಜಿ?" ಎಂದು ಶಿಲ್ಪಿ ಪೋನ್ಸ್ ಕೇಳಿದಾಗ ಅದು ತನಗೆ ಗೊತ್ತೇ ಇಲ್ಲವೆಂದು ರಿಕ್ಸೆಂದಾಳಿಗೆ ಹೊಳೆಯಿತು.

ಮೂವತ್ತೊಂದು ವರ್ಷ ದೊರೆಸಾನಿ ಮಾಬೀಲಿಯಾರ ತಲೆ ಬಾಚಿ ಜಡೆ ಹೆಣೆದವಳು ಅವಳು. ದೊರೆಸಾನಿ ಮಣ್ಣಾಗಿ ಮೂರು ತಿಂಗಳಾಗಿತ್ತು. ಮಠದ ಇಗರ್ಜಿಯಲ್ಲಿ ಗೋರಿಯ ಮೇಲೆ ಅವರ ಕಲ್ಲಿನ ಮೂರ್ತಿ ಮಲಗಬೇಕು. ಮುಖ ಹೇಗಿತ್ತೆಂದು ಸಭೆಯವರು ತಲೆಗೊಂದು ಹೇಳಿದ್ದರಿಂದ, ರಿಕ್ಸೆಂದಾಳನ್ನೇ ಕೇಳು ಎಂದು ಮಗ ಬೆರ್ತ್ರಾನ್ ದೊರೆ ಅಪ್ಪಣೆ ಮಾಡಿದ್ದ. ಅವಳಷ್ಟು ಹತ್ತಿರದವರು ಯಾರಿದ್ದರು? ಹತ್ತಿರವೇನೋ ಹೌದು, ಆದರೆ ದಿನಾ ನಿಂತದ್ದು ಬೆನ್ನ ಹಿಂದೆ. ಎದುರಿಗೆ ಬಂದಾಗ ತಲೆ ತಗ್ಗಿಸಲೇಬೇಕು. ಒಡತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವ ಆಳು ಯಾವ ಅರಮನೆಯಲ್ಲೂ ಉಳಿಯುವುದಿಲ್ಲ.

ನಾಚಿಕೆಯಿಂದ ಅವಳ ಕಣ್ಣು ತುಂಬಿತು. ಗೊತ್ತಿದ್ದದ್ದನ್ನು ಹೇಳಿದಳು. ದೊರೆಸಾನಿಯ ಗಂಡ ಸತ್ತ ವರ್ಷವೇ ನೆರೆಯ ದೊರೆ ಕೋಟೆಗೆ ಮುತ್ತಿಗೆ ಹಾಕಿದಾಗ, ಗೋಡೆಯ ಮೇಲೆ ನಿಂತಿದ್ದ ಅವರ ಎಡಗಿವಿಯ ಹಿಂದೆ ಬಾಣವೊಂದು ಸವರಿಕೊಂಡು ಹೋಗಿತ್ತು. ಗಾಯವಾದದ್ದು ಊರಿಗೆ ತಿಳಿದರೆ ಜನ ಎದೆಗೆಡುತ್ತಾರೆ, ಜಡೆಯಲ್ಲಿ ಮುಚ್ಚಿಬಿಡು ಎಂದು ದೊರೆಸಾನಿಯೇ ಹೇಳಿದ್ದರು. ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ಅಂದಿನಿಂದ ಕೊನೆಯವರೆಗೂ ರಿಕ್ಸೆಂದಾ ಅದನ್ನು ಮುಚ್ಚುತ್ತಲೇ ಬಂದಳು.

"ಆ ಗಾಯ ಒಂದು ಕೆತ್ತಪ್ಪಾ," ಎಂದಳು. "ಮುಖ ನಿನಗೆ ತೋಚಿದ ಹಾಗೆ ಮಾಡು. ಅದೊಂದಾದ್ರೂ ಅವರದ್ದು ಅಂತ ಇರ್ಲಿ."

ಪೋನ್ಸ್ ಒಳ್ಳೆಯವನೇ. ಆದರೆ ಮೇಲೆ ಮುಸುಕು ಬರುತ್ತದೆ, ಕೆಳಗೆ ದಿಂಬು ಇರುತ್ತದೆ, ಕಾಣದ್ದನ್ನು ಕೆತ್ತುವುದು ತನ್ನ ಕಸುಬಲ್ಲ ಎಂದುಬಿಟ್ಟ. ಮರುದಿನವೂ ಅದರ ಮರುದಿನವೂ ಅವಳು ಹೋಗಿ ಬೇಡಿಕೊಂಡಳು. ಅವನು ಕಲ್ಲಿನ ಪುಡಿ ಊದುತ್ತ ಕೇಳಿಸಿಕೊಂಡ, ಅಷ್ಟೇ.

ಮೂರ್ತಿಯನ್ನು ಗೋರಿಗೇರಿಸಿದ ದಿನ ಊರಿಗೆ ಊರೇ ಬಂದಿತ್ತು. ಕಲ್ಲಿನವಳು ಇಪ್ಪತ್ತರ ಚೆಲುವೆ. ಕಣ್ಣಿಗೆ ನೀಲಿ ಹಚ್ಚಿದ್ದರು. ಜನ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಎಷ್ಟು ಚೆಂದ ಎನ್ನುತ್ತ ಹೋದರು. ಆ ಮೂರ್ತಿಯಲ್ಲಿ ರಿಕ್ಸೆಂದಾಳಿಗೆ ತನ್ನ ಒಡತಿ ಎಲ್ಲೂ ಕಾಣಲಿಲ್ಲ.

ಎಲ್ಲರೂ ಹೋದ ಮೇಲೂ ಬೆರ್ತ್ರಾನ್ ಅಲ್ಲೇ ನಿಂತಿದ್ದ, ಅವನ ಹಿಂದೆ ರಿಕ್ಸೆಂದಾ. ಆ ಮುತ್ತಿಗೆ ನಿಲ್ಲಿಸಲು ಆರು ವರ್ಷದ ಅವನನ್ನು ಶತ್ರುವಿನ ಮನೆಗೆ ಒತ್ತೆಯಾಗಿ ಕೊಟ್ಟಿದ್ದರು. ಅವನು ತಿರುಗಿ ಬಂದದ್ದು ತಾಯಿಯನ್ನು ಹುಗಿದ ಮೇಲೆ.

"ಅಮ್ಮ ಹೀಗೇ ಇದ್ಲಾ?"

"ಹೂಂ ಬುದ್ಧಿ."

"ನನ್ನನ್ನ ಕಳಿಸಿದ ದಿನ ಕಲ್ಲಿನ ಹಾಗೆ ನಿಂತಿದ್ಲಂತೆ. ಕಣ್ಣಲ್ಲಿ ಒಂದು ಹನಿ ಇರ್ಲಿಲ್ವಂತೆ. ಹೌದಾ?"

"ಮುಖ ನಾನು ನೋಡಿಲ್ಲ ಬುದ್ಧಿ. ಮಾರನೇ ದಿನ ಅವರಿಗೆ ಜಡೆ ಹಾಕೋಕೆ ಆಗ್ಲಿಲ್ಲ ನಂಗೆ. ಅವರ ಕುತ್ತಿಗೆ ಅಷ್ಟು ನಡುಗ್ತಿತ್ತು."

ಅವನು ಬಾಗಿ, ಕಲ್ಲಿನ ಮುಸುಕಿನ ಅಂಚಿನಲ್ಲಿ ತಾಯಿಯ ಕುತ್ತಿಗೆಯ ಹಿಂದಕ್ಕೆ ಕೈ ತೂರಿಸಲು ನೋಡಿದ. ತಲೆಯೂ ದಿಂಬೂ ಒಂದೇ ಕಲ್ಲು. ಬೆರಳು ಹೋಗಲಿಲ್ಲ.