ಎಣ್ಣೆ ಬೇಡದ ಸರಳು

ನಮ್ಮ ಮನೆಯಲ್ಲಿ ಎಣ್ಣೆಗೆ ಮೈಲಿಗೆ ಬಂದದ್ದು ನನ್ನ ಗಂಡ ಸಾಲೆಯ ನೌಕರಿ ಬಿಟ್ಟು ಹಿತ್ತಿಲಲ್ಲಿ ಲೋಹಕ್ಕೆ ಲೇಪ ಕೊಡುವ ಗಿಲೀಟಿನ ಶೆಡ್ಡು ಹಾಕಿದ ಮೇಲೆ. ಒಗ್ಗರಣೆ ಹಾಕಿದ ಕೈಯಲ್ಲಿ ನಾನು ಆ ಶೆಡ್ಡಿನ ಹೊಸ್ತಿಲು ದಾಟುವಂತಿರಲಿಲ್ಲ. ಸೀಗೆಪುಡಿ ಹಚ್ಚಿ ಕೈ ತಿಕ್ಕಿಕೊಂಡು, ಬೆರಳು ಮುಂದೆ ಹಿಡಿದು ತೋರಿಸಿದ ಮೇಲೆಯೇ ಒಳಗೆ ಪ್ರವೇಶ. ದೀಪಾವಳಿಗೆ ರಾಮದುರ್ಗದವರೆಲ್ಲ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದರೆ, ಇವರೊಬ್ಬರು ಒಣ ತಲೆಯಲ್ಲಿ ಆರತಿಗೆ ಬಂದು ಕೂತರು. ಕೂದಲು ತೆಂಗಿನ ನಾರಿನ ಹಾಗೆ ಎದ್ದು ನಿಂತಿತ್ತು. ನಮ್ಮ ಅತ್ತೆ ಬದುಕಿದ್ದರೆ ಅವತ್ತೇ ಶೆಡ್ಡಿಗೆ ಬೀಗ ಬೀಳುತ್ತಿತ್ತು. ನಾನು ನಕ್ಕುಬಿಟ್ಟೆ. ನನಗೆ ಅವರ ಮೇಲೆ ಬಹಳ ಹೆಮ್ಮೆಯಿತ್ತು, ಅದನ್ನು ಬಚ್ಚಿಡುವುದು ನನಗೆ ಬರುತ್ತಿರಲಿಲ್ಲ.

ಅವರ ಹೆಸರು ರಘೋತ್ತಮ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದು ಕೆಲ ವರ್ಷ ಹುಡುಗರಿಗೆ ವಿಜ್ಞಾನ ಕಲಿಸಿದ್ದರು, ಆದ್ದರಿಂದ ಊರಿಗೆಲ್ಲ ಅವರು ಮಾಸ್ತರು. ಸೈಕಲ್ಲಿನ ಹ್ಯಾಂಡಲ್ಲು, ದೇವರ ಸಾಮಾನು ಇವಕ್ಕೆ ನಿಕ್ಕಲ್ ಗಿಲೀಟು ಮಾಡಿಕೊಡುವುದು ಹೊಟ್ಟೆಪಾಡು. ತಲೆಯಲ್ಲಿ ಇದ್ದದ್ದು ಮಾತ್ರ ಬೇರೆ. ಎಪ್ಪತ್ತೈದನೆಯ ಇಸವಿಯ ಹೊತ್ತಿಗೆ ನಮ್ಮಲ್ಲಿ ಕರೆಂಟಿನ ಮಗ್ಗಗಳು ಬಂದಿದ್ದವು. ಆ ಮಗ್ಗದ ಎರಡು ಬದಿಗೂ ಒಂದೊಂದು ಉಕ್ಕಿನ ಸರಳು ಇರುತ್ತದೆ. ಸರಳಿನ ಮೇಲೆ ಪಿಕರ್ ಅನ್ನುವ ಚರ್ಮದ ತುಂಡು ಹಿಂದೆ ಮುಂದೆ ಜಾರಿ ಲಾಳಿಗೆ ಏಟು ಕೊಡುತ್ತದೆ. ಜಾರಬೇಕಾದರೆ ಎಣ್ಣೆ ಬೇಕು. ಎಣ್ಣೆ ಹಾಕಿದರೆ ಅದು ಸಿಡಿದು ಸೀರೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ.

ಎಣ್ಣೆಯೇ ಬೇಡದ ಸರಳು ಮಾಡುತ್ತೇನೆ ಅಂತ ಇವರು ಹಟ ಹಿಡಿದರು. ನಿಕ್ಕಲ್ ಉಪ್ಪು ಕರಗಿಸಿದ ಹಸಿರು ನೀರಿಗೆ ಗ್ರಾಫೈಟ್ ಪುಡಿ ಬೆರೆಸುವುದು, ಪೆನ್ಸಿಲ್ಲಿನ ಕಡ್ಡಿಯಲ್ಲಿರುತ್ತದಲ್ಲ, ಅದೇ. ಅದರಲ್ಲಿ ಸರಳು ಇಳಿಬಿಟ್ಟು ಕರೆಂಟು ಹರಿಸಿದರೆ ನಿಕ್ಕಲ್ ಸರಳಿಗೆ ಅಂಟುವಾಗ ಪುಡಿಯನ್ನೂ ತನ್ನೊಳಗೆ ಹಿಡಿದುಕೊಂಡು ಕೂಡುತ್ತದೆ. ಆ ಪುಡಿಗೇ ಜಾರುವ ಗುಣ. ಸರಳಿಗೆ ಮೊದಲೇ ಬೆರಳಿನ ಜಿಡ್ಡು ಅಂಟಿದ್ದರೆ ಮಾತ್ರ ಗಿಲೀಟು ಹಪ್ಪಳದಂತೆ ಎದ್ದು ಬರುತ್ತದೆ, ಅದಕ್ಕೇ ಮನೆಯಲ್ಲಿ ಅಷ್ಟೊಂದು ಮಡಿ. ಪುಡಿ ತಳ ಸೇರದಂತೆ ನೀರನ್ನು ಒಂದೇ ಸಮ ಕಲಕುತ್ತಿರಬೇಕು. ಕಲಕಿದವಳು ನಾನು. ಅಂಬಲಿ ತಿರುವಿದ ಕೈಗೆ ಅದೇನು ಮಹಾ ಕೆಲಸವಲ್ಲ.

ಸರಳು ಹೊರಗೆ ಬಂದಾಗ ಹಂಚಿನ ತಳದಷ್ಟು ಕಪ್ಪಗಿತ್ತು. ನೋಡಿದವರು ಮೂಗು ಮುರಿದರು. ಮಹಾಂತಪ್ಪ ಒಬ್ಬರೇ ನಂಬಿ ತಮ್ಮ ಒಂದು ಮಗ್ಗಕ್ಕೆ ಹಾಕಿಸಿಕೊಂಡರು. ಅವರದು ಹೊಲಮನೆ ಇದ್ದ ಕುಳ. ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಮಗ್ಗ ಹಾಕಿ ತಾವೇ ನೇಯುತ್ತಿದ್ದರು. ಕಪ್ಪು ಸರಳಿನ ಮೇಲೆ ಪಿಕರ್ ಬೆಣ್ಣೆಯ ಮೇಲೆ ಓಡಿದ ಹಾಗೆ ಓಡಿತು. ಸೀರೆಯ ಮೇಲೆ ಒಂದು ಚುಕ್ಕೆ ಇಲ್ಲ. ಮಹಾಂತಪ್ಪ ಸಂತೆಗೆ ಬಂದವರನ್ನೆಲ್ಲ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ಅವರ ಹೆಂಡತಿ ದೇವಕ್ಕನಿಗೆ ಒಂದು ರೂಢಿಯಿತ್ತು. ಸೋಮವಾರ ಮಗ್ಗದ ಮುಂದೆ ದೀಪ ಹಚ್ಚಿ, ದೀಪದ ಎಣ್ಣೆಯಲ್ಲಿ ಬೆರಳು ಅದ್ದಿ ಸರಳಿಗೆ ಸವರಿ ಒರೆಸುವುದು. ಕೈಮಗ್ಗದ ಕಾಲದಲ್ಲಿ ಅತ್ತೆ ಕೈಹಿಡಿದು ಕಲಿಸಿಕೊಟ್ಟ ಸೇವೆ. ಒಣ ಸರಳಿಗೆ ಎಣ್ಣೆ ಬಿದ್ದರೆ ನೂಲಿನ ಧೂಳೆಲ್ಲ ಅಂಟಿ ಕೆಸರಾಗುತ್ತದೆ, ಇನ್ನು ಮೇಲೆ ಒಂದು ಹನಿಯೂ ಸೋಕಿಸಕೂಡದು ಅಂತ ಇವರು ಅವಳಿಂದ ಮಾತು ತೆಗೆದುಕೊಂಡರು. ದೇವಕ್ಕ ಸೆರಗಿಗೆ ಬೆರಳು ಒರೆಸಿಕೊಂಡಳು. ಆಮೇಲೆ ಕೊರಳಲ್ಲಿದ್ದ ಲಿಂಗ ಮುಟ್ಟಿ ಆಗಲಿ ಅಂದಳು. ಅವತ್ತಿನಿಂದ ದೀಪ ಮಾತ್ರ ಹಚ್ಚುತ್ತಿದ್ದಳು.

ಮಾರನೆಯ ವರ್ಷ ಅವರ ಮಗಳು ಗೌರವ್ವನನ್ನು ಬೈಲಹೊಂಗಲದ ಮನೆತನಕ್ಕೆ ಕೊಡುವುದು ನಿಶ್ಚಯವಾಯಿತು. ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ಮಗಳು ತಮ್ಮ ಮಗ್ಗದ ಸೀರೆಯನ್ನೇ ಉಡಬೇಕೆಂದು ಮಹಾಂತಪ್ಪನ ಆಸೆ. ಎರಡನೆಯ ಮಗ್ಗಕ್ಕೆ ಅರಿಶಿನ ಬಣ್ಣದ ನೂಲಿನ ಹಾಸು ಹೂಡಿದರು. ಅದಕ್ಕೂ ಹೊಸ ಸರಳು ಬೇಕು. ಆದರೆ ಅಕ್ಕಿಕಾಳಿನ ಸೀರೆ ನೇಯುವ ಮಗ್ಗದಲ್ಲಿ ಕಪ್ಪು ಸಾಮಾನು ಇರಬಾರದು ಅಂತ ಅವರ ಮನೆಯ ಪದ್ಧತಿ. ಮಹಾಂತಪ್ಪ ನಮ್ಮ ಕಟ್ಟೆಯ ಮೇಲೆ ಕೂತು, ಕಿವಿ ಹಿಂದೆ ತುರಿಸಿಕೊಳ್ಳುತ್ತ, ಈ ಸರಳು ಬೆಳ್ಳಗೆ ಮಾಡಿಕೊಡಲಿಕ್ಕೆ ಆದೀತೇ ಅಂತ ಕೇಳಿದರು. ಆಗುವುದಿಲ್ಲ ಅಂದಿದ್ದರೆ ಬೇರೆ ದಾರಿ ಹುಡುಕುತ್ತಿದ್ದರು, ಅಷ್ಟು ಸಂಕೋಚದ ಮನುಷ್ಯ.

ನಮ್ಮವರು ಅದೇನು ದೊಡ್ಡ ಮಾತು ಅಂದುಬಿಟ್ಟರು. ಮದುವೆಗೆ ಬರುವ ಸುರೇಬಾನದ, ಸವದತ್ತಿಯ ಮಗ್ಗದವರಿಗೆಲ್ಲ ಈ ಸರಳು ತೋರಿಸುತ್ತೇನೆಂದು ಮಹಾಂತಪ್ಪ ಹೇಳಿದ್ದರು. ಅದು ಇವರ ಕಿವಿಯಲ್ಲಿ ಕೂತಿತ್ತು. ಕಪ್ಪು ಗಿಲೀಟಿನ ಮೇಲೆ ತೆಳ್ಳಗೆ ಬರೀ ನಿಕ್ಕಲ್ಲಿನ ಹೊಳಪು ಕೊಟ್ಟರು. ಕನ್ನಡಿಯಂತೆ ಮುಖ ಕಾಣುತ್ತಿತ್ತು. ಆ ಹೊಳಪಿನಲ್ಲಿ ಜಾರುವ ಪುಡಿ ಇಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ತೆಳು ಪದರ, ಒಂದೆರಡು ದಿನದಲ್ಲಿ ಸವೆದು ಅಡಿಯ ಕಪ್ಪು ಮೇಲೆ ಬರುತ್ತದೆ ಅಂತ ನನಗೆ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಸವೆಯಲಿಲ್ಲ. ಪಿಕರ್ ಅದರ ಮೇಲೆ ಹಿಡಿದು ಹಿಡಿದು ಕಿರುಗುಟ್ಟತೊಡಗಿತು. ಹೊಸದು, ಪಳಗಬೇಕು ಅಂತ ಮಹಾಂತಪ್ಪನಿಗೆ ಸಮಾಧಾನ ಹೇಳಿ ಬಂದರು. ಅದಾದ ನಾಲ್ಕೈದು ದಿನಕ್ಕೆ ನಾನು ಗೌರವ್ವನ ಮದುವೆಯ ಕುಪ್ಪಸ ಹೊಲಿಯಲು ಕೂತೆ. ಮಶಿನ್ನು ಬಿಗಿಯಾಗಿತ್ತು, ಖಾನೆಯಲ್ಲಿ ಎಣ್ಣೆಯ ಡಬ್ಬಿ ಇರಲಿಲ್ಲ. ಉದ್ದ ಮೂತಿಯ ಚಿಕ್ಕ ಡಬ್ಬಿ, ನನ್ನ ತವರಿನಿಂದ ಮಶಿನ್ನಿನ ಜೊತೆ ಬಂದದ್ದು. ಸಿಕ್ಕಿದ್ದು ಇವರ ಅಂಗಿಯ ಕಿಸೆಯಲ್ಲಿ. ಕಿಸೆಯೆಲ್ಲ ಜಿಡ್ಡು. ಮಗ್ಗ ನೋಡಿ ಬರುತ್ತೇನೆ ಅಂತ ಮಧ್ಯಾಹ್ನ ಮಧ್ಯಾಹ್ನ ಹೋಗುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಆ ಮನೆಯವರು ಊಟಕ್ಕೆ ಕೂತ ಹೊತ್ತು ನೋಡಿ, ಗಡಿಬಿಡಿಯಲ್ಲಿ ಸರಳಿಗೆ ಎಣ್ಣೆ ಸುರಿದು ಬರುತ್ತಿದ್ದರು.

ಕೇಳಿದರೆ, ಒಂದು ಸೀರೆ ಮುಗಿಯಲಿ, ಆಮೇಲೆ ಸರಿ ಮಾಡುತ್ತೇನೆ ಅಂದರು. ಎಣ್ಣೆ ಮುಟ್ಟಿದರೆ ಕೈ ತೊಳೆಸುತ್ತಿದ್ದ ಮನುಷ್ಯ ಕಳ್ಳನ ಹಾಗೆ ಎಣ್ಣೆ ಹೊತ್ತು ತಿರುಗುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಸೀರೆ ಮಗ್ಗದಿಂದ ಇಳಿಯಿತು. ಬಿಚ್ಚಿ ನೋಡಿದರೆ ಸೆರಗಿನ ಹತ್ತಿರ ಅರಿಶಿನದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಎಣ್ಣೆ ಮುಟ್ಟಿಸುವವರು ಆ ಮನೆಯಲ್ಲಿ ಯಾರು? ಮಹಾಂತಪ್ಪ ಹೆಂಡತಿಯನ್ನು ಕರೆದು, ಮದುವೆಗೆಂದು ಮೊದಲೇ ಬಂದಿದ್ದ ಅವಳ ಕಟಕೋಳದ ನಾದಿನಿಯ ಎದುರಿಗೇ ಕೇಳಿದರು. ಹಚ್ಚಿಲ್ಲ ಅಂತ ದೇವಕ್ಕ ಮತ್ತೆ ಲಿಂಗ ಮುಟ್ಟಿದಳು. ಮಹಾಂತಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಆಣೆ ಮುರಿದವಳ ಕೈಯಿಂದ ನೀರು ತೆಗೆದುಕೊಳ್ಳುವುದನ್ನು ಬಿಟ್ಟರು. ಬಾಯಾರಿದರೆ ತಾವೇ ಎದ್ದು ಬಿಂದಿಗೆಯ ಹತ್ತಿರ ಹೋಗುತ್ತಿದ್ದರಂತೆ.

ಈ ಸುದ್ದಿ ತಂದವರು ನಮ್ಮವರೇ. ಹೇಳಿ ಊಟಕ್ಕೆ ಕೂತರು. ಹೋಗಿ ನಿಜ ಹೇಳಿ ಬರ್ರಿ ಅಂದೆ. ಮದುವೆ ಮುಗಿಯಲಿ, ಈಗ ಹೇಳಿದರೆ ಊರಲ್ಲಿ ಮುಖ ಎತ್ತಿ ಅಡ್ಡಾಡುವ ಹಾಗಿಲ್ಲ ಅಂದರು. ಅವರ ತಟ್ಟೆಗೆ ಸಾರು ಬಡಿಸಿದೆ. ನಾನೂ ಹೋಗಿ ಹೇಳಲಿಲ್ಲ. ಆ ಮುಖ ನನ್ನದೂ ಆಗಿತ್ತಲ್ಲ.

ದೇವಕ್ಕ ಬಂದದ್ದು ಅದರ ಮರುದಿನ ಬೆಳಿಗ್ಗೆ, ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿಕೊಂಡು. ಚುಕ್ಕೆಯ ಮೇಲೆ ಕಸೂತಿಯೋ ಏನೋ ಹಾಕಿ ಮುಚ್ಚಲಿಕ್ಕೆ ಬಂದೀತೇ ಅಂತ ಕೇಳಲು ಬಂದಿದ್ದಳು. ಮಶಿನ್ನಿನ ಪಕ್ಕ ಹಾಸಿ ನೋಡಿದೆವು. ಮುಚ್ಚುವಂಥದಲ್ಲ. ಅವಳು ಸೀರೆ ಮಡಿಸಲಿಲ್ಲ, ತನ್ನ ಬಲಗೈ ಎತ್ತಿ ನೋಡಿಕೊಂಡಳು.

“ಬಾಯಾರ, ನಾ ಹಚ್ಚಿಲ್ಲ ಅಂತ ಆಣಿ ಮಾಡೀನಿ. ಆದ್ರ ಇಷ್ಟ ವರ್ಷ ಹಚ್ಚಿದ ಕೈ ನೋಡ್ರಿ ಇದು. ದೀಪಾ ಹಚ್ಚೂಮುಂದ ಗೊತ್ತಿಲ್ದ ಸವರಿದ್ನೋ ಏನೋ. ಎಷ್ಟ ನೆನಸಿದ್ರೂ ನೆನಪ ಆಗವಲ್ದು. ಲಿಂಗಾ ಮುಟ್ಟಿ ಸುಳ್ಳ ಹೇಳಿದ್ನೇನೋ ಅಂತ ಅಂಜಿಕಿ ಬರಾಕ ಹತ್ತೈತಿ.”

ನಮ್ಮವರು ಒಳಗಿನ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಈಗ ಹೇಳುತ್ತಾರೆ ಅಂತ ನಾನು ಅವರ ಕಡೆ ತಿರುಗಿದೆ.

“ಹೋಗ್ಲಿ ಬಿಡ್ರಿ ದೇವಕ್ಕ,” ಅಂದರು, ಮೆತ್ತಗೆ, ಸಾಲೆಯಲ್ಲಿ ಹುಡುಗರಿಗೆ ಹೇಳುವ ಧಾಟಿಯಲ್ಲಿ. “ರೂಢಿ ಬಿದ್ದ ಕೈ ಅದು. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಾ ಏನೂ ತಪ್ಪು ತಿಳ್ಕೊಂಡಿಲ್ಲ.”

ದೇವಕ್ಕ ಅವರಿಗೆ ಕೈಮುಗಿದಳು.

ಆ ಮುಗಿದ ಕೈ ನೋಡಲಾಗಲಿಲ್ಲ. ಖಾನೆ ಎಳೆದು ಡಬ್ಬಿ ತೆಗೆದು ಸೀರೆಯ ಪಕ್ಕದಲ್ಲಿ ಇಟ್ಟೆ.

“ಎಣ್ಣಿ ನಿಮ್ಮದಲ್ಲ ದೇವಕ್ಕ. ಇದರಾಗಿಂದು. ಹಚ್ಚಿದವರು ನಮ್ಮವರು.”

ಅವಳು ಡಬ್ಬಿ ನೋಡಿದಳು. ಬಾಗಿಲ ಕಡೆ ನೋಡಿದಳು. ಇವರು ಗೋಡೆಗೆ ಮುಖ ಮಾಡಿ ನಿಂತಿದ್ದರು. ದೇವಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕೂತು ಅತ್ತಳು. ಕಣ್ಣೊರೆಸಿಕೊಂಡು, ಇದನ್ನು ತನ್ನ ಗಂಡನಿಗೆ ಹೇಳಿರಿ, ತನಗೆ ಹೇಳಿದರೆ ಏನು ಬಂತು ಅಂದಳು.

ನಾನು ಡಬ್ಬಿ ಕೈಯಲ್ಲಿ ಹಿಡಿದು ಅವಳ ಜೊತೆ ಹೊರಟೆ. ಪೇಟೆಯಲ್ಲಿ ಎದುರಾದವರು ಮಾತಾಡಿಸಿದರು, ಯಾರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಓಣಿಯ ತಿರುವಿನಲ್ಲಿ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ಇವರದೇ. ನಾನು ತಿರುಗಲಿಲ್ಲ.

ಮಹಾಂತಪ್ಪ ಉಳಿದ ಹಾಸಿನಲ್ಲಿ ಇನ್ನೊಂದು ಸೀರೆ ನೇಯಲು ಹಿಡಿದಿದ್ದರು. ಎಣ್ಣೆ ಒಣಗಿದ ಸರಳು ಮತ್ತೆ ಕಿರುಗುಟ್ಟುತ್ತಿತ್ತು. ಮಗ್ಗ ನಿಲ್ಲಿಸಿ ನನ್ನ ಮಾತು ಪೂರ್ತಿ ಕೇಳಿದರು. ಕೇಳಿ, ನಂಬಲಿಲ್ಲ. ದೇವಕ್ಕನ ಮೇಲಿನ ಮರುಕಕ್ಕೆ ನಾನು ಹೀಗೆ ಹೇಳುತ್ತಿದ್ದೇನೆ ಅಂದುಕೊಂಡರು.

“ನೀವು ದೊಡ್ಡ ಮನಸ್ಸಿನವರು ಬಾಯಾರ. ಆದ್ರ ಮಾಸ್ತರ ಮ್ಯಾಲ ಹಾಕಬ್ಯಾಡ್ರಿ. ಅಂಥಾ ಕೆಲಸ ಮಾಡೂ ಮನಷ್ಯಾ ಅಲ್ಲ ಅವರು.”

ಬಾಗಿಲಲ್ಲಿ ನಿಂತವರಿಗೆ ಅದು ಕೇಳಿಸಿತು. ಈ ಮಾತಿನ ಹಿಂದೆ ಈಗಲೂ ಅಡಗಿಕೊಳ್ಳಬಹುದಿತ್ತು. ಅಡಗಿಕೊಂಡರೆ ನಾನು ಇವರ ಜೊತೆ ಹೇಗೆ ಬಾಳುವುದು ಅಂತ ನನಗೆ ಹೆದರಿಕೆಯಾಯಿತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.

“ನಾನ ಹಚ್ಚೀನಿ ಮಹಾಂತಪ್ಪ. ಹೊಳಪು ಕೊಟ್ಟಾಗನ ಗೊತ್ತಿತ್ತು, ಇದು ಓಡೂದಿಲ್ಲ ಅಂತ. ನಿಮ್ಮ ಮುಂದ ಆಗೂದಿಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ದೇವಕ್ಕನ ಕೈ ಮುಟ್ಟಿಲ್ಲ ಇದನ್ನ.”

ಮಹಾಂತಪ್ಪ ಸರಳಿನ ಮೇಲೆ ಬೆರಳಾಡಿಸಿ ನೋಡಿದರು. ಪಕ್ಕದ ಮಗ್ಗದಲ್ಲಿ ಕಪ್ಪು ಸರಳು ತನ್ನ ಪಾಡಿಗೆ ಇತ್ತು, ಒಣಗಿ, ಸ್ವಚ್ಛವಾಗಿ. ಎದ್ದು ಹೆಂಡತಿಯ ಎದುರು ಬಂದು, ಕುಡಿಯಲಿಕ್ಕೆ ನೀರು ಕೊಡು ಅಂದರು. ದೇವಕ್ಕ ತಂಬಿಗೆ ತಂದುಕೊಟ್ಟಳು. ನಿಂತಲ್ಲೇ ಪೂರ್ತಿ ಕುಡಿದರು. ಆಮೇಲೆ ಹೆಗಲಿನ ವಸ್ತ್ರ ತೆಗೆದು ನೇಯ್ದಷ್ಟು ಸೀರೆಯ ಮೇಲೆ ಹೊದಿಸಿ, ನನ್ನ ಕೈಯಿಂದ ಡಬ್ಬಿ ಇಸಿದುಕೊಂಡು ಅವಳಿಗೆ ಕೊಟ್ಟರು. ಮದುವೆ ಹತ್ತಿರ ಬಂದಿದೆ, ಬೇರೆ ಸರಳಿಗೆ ಹೊತ್ತಿಲ್ಲ, ಮೊದಲಿನ ಹಾಗೆ ನೀನೇ ತೆಳ್ಳಗೆ ಹಚ್ಚಿ ಸಿಡಿಯದಂತೆ ಒರೆಸು ಅಂದರು.

ದೇವಕ್ಕ ಒಂದು ಹನಿ ಬೆರಳಿಗೆ ಬಿಟ್ಟುಕೊಂಡು ಸರಳಿನ ತನಕ ಕೈ ಒಯ್ದಳು. ಅಲ್ಲಿ ನಿಲ್ಲಿಸಿದಳು. ನಮ್ಮವರ ಕಡೆ ತಿರುಗಿದಳು.

“ನಿಮಗ ಮಾತ ಕೊಟ್ಟೀನ್ರಿ ಮಾಸ್ತರ. ಹಚ್ಚಲೇನ್ರಿ?”

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ಅವಳು ಬೆರಳನ್ನು ಹಾಗೇ ಹಿಡಿದುಕೊಂಡು ಕಾಯುತ್ತಿದ್ದಳು. ಕೊನೆಗೆ ಇವರು ಹಚ್ರಿ ಅಂದರು, ಅದು ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.